ಇಪ್ಪತ್ತೈದು ಚುಕ್ಕಿ, ಐದಡಿ ಓಣಿ

ಹುಡುಗಿಯರ ಹಾಸ್ಟೆಲ್, ಬ್ರಹ್ಮಾವರ
19 ಅಕ್ಟೋಬರ್ 2025

ಪ್ರೀತಿಯ ರಾಜೀವಿ ದೊಡ್ಡಮ್ಮನಿಗೆ,

ಮೊದಲು ಕ್ಷೇಮ ಕೇಳಬೇಕು, ಆಮೇಲೆ ನನ್ನ ಪುರಾಣ ಎಂದು ಹೋದ ಸಲ ನನ್ನ ಕಾಗದದ ಮೇಲೆಯೇ ಕೆಂಪು ಶಾಯಿಯಲ್ಲಿ ಬರೆದು ವಾಪಸು ಕಳಿಸಿದ್ದಿರಿ. ಆದ್ದರಿಂದ ಕೇಳುತ್ತಿದ್ದೇನೆ. ನೀವು ಹೇಗಿದ್ದೀರಿ, ನಿಮ್ಮ ಮುದ್ದಿನ ತಮ್ಮ ಗುಣಪಾಲ ಮಾವನ ಬಿಪಿ ಹೇಗಿದೆ, ಪದ್ದಕ್ಕ ದಿನಾ ಬೆಳಿಗ್ಗೆ ಬೀಡಿ ಸುತ್ತುವ ಮೊರದಂಥ ಗೆರಸಿ ಹಿಡಿದುಕೊಂಡು ಓಣಿಯಲ್ಲಿ ಬಂದು, ಜಗಲಿಯಲ್ಲಿ ಕೂತು ನಿಮಗೆ ಊರಿನ ಸುದ್ದಿಯೆಲ್ಲ ಹೇಳುತ್ತಾರಾ? ಅವರ ತುಟಿ ಮಾತ್ರ ನಿಮಗೆ ಓದಲು ಬರುತ್ತದೆ, ನನ್ನದು ಬರುವುದಿಲ್ಲ ಎಂದು ನನಗೆ ಸ್ವಲ್ಪ ಹೊಟ್ಟೆಕಿಚ್ಚು. ನನ್ನ ತುಟಿಯಲ್ಲಿ ಅರ್ಧ ಇಂಗ್ಲಿಷ್ ಇರುತ್ತದೆ ಅಂತ ನೀವು ಹೇಳಿದ್ದು ನಿಜ ಇರಬಹುದು. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಇದ್ದವಳಿಗೆ, ಅಪ್ಪ ಅಮ್ಮ ಪುಣೆಯ ಹೋಟೆಲಿನಲ್ಲಿ ಇರುವವಳಿಗೆ, ಕನ್ನಡ ಎಂದರೆ ರಜೆಯಲ್ಲಿ ನಿಮ್ಮ ಮನೆ, ಉಳಿದ ದಿನ ನಿಮ್ಮ ಕಾಗದ. ನಿಮಗೆ ಫೋನು ಕೇಳುವುದಿಲ್ಲ, ವಾಟ್ಸಾಪಿನ ಅಕ್ಷರ ಇರುವೆ ಸಾಲಿನ ಹಾಗೆ ಎನ್ನುತ್ತೀರಿ. ಅದು ನನಗೆ ಒಳ್ಳೆಯದೇ ಆಯಿತು.

ಈಗ ಸುದ್ದಿ. ಮುಂದಿನ ಭಾನುವಾರ ನಾನು ವಂಡ್ಸೆಗೆ ಬರುತ್ತಿದ್ದೇನೆ! ನಮ್ಮ ಸೀನಿಯರ್ ಯತೀಶಣ್ಣನ ಗುಂಪು ಪಂಚಾಯತ್ ಲೈಬ್ರರಿಗಾಗಿ ಊರಿನ ಮ್ಯಾಪು ಮಾಡುತ್ತಿದೆ. ತೋಡು, ಕೆರೆ, ಹಾಡಿ, ಗದ್ದೆ, ಮನೆಯ ಗಡಿ, ಎಲ್ಲವನ್ನೂ ಊರಿನವರೇ ಫೋನಿನಲ್ಲಿ ಬೆರಳಿನಿಂದ ಎಳೆಯುವುದು. ಆ ಎಳೆಯುವ ಭಾಗ ನನ್ನದು. ಫಸ್ಟ್ ಇಯರಿನವರಿಗೆ ಕೊಟ್ಟದ್ದು ಇದೇ ಮೊದಲಂತೆ. ಹೆದರಿಕೆಯಿಂದ ಎರಡು ದಿನ ಮೆಸ್ಸಿನ ಇಡ್ಲಿ ಕೂಡ ಇಳಿಯಲಿಲ್ಲ.

ನಿಮಗೆ ಅರ್ಥವಾಗುವ ಹಾಗೆ ಹೇಳಲು ನೋಡುತ್ತೇನೆ. ಮ್ಯಾಪು ತೋರಿಸಲಿಕ್ಕೆ ಜಾವಾಸ್ಕ್ರಿಪ್ಟಿನಲ್ಲಿ ಒಂದು ಲೈಬ್ರರಿ ಸಿಗುತ್ತದೆ. ಪುಸ್ತಕದ್ದಲ್ಲ, ಯಾರೋ ಪುಣ್ಯಾತ್ಮರು ಮೊದಲೇ ಬರೆದಿಟ್ಟ ಕೋಡಿನ ಕಟ್ಟು. ಗೆರೆ ಎಳೆಯುವ ಸೌಕರ್ಯ ಅದರಲ್ಲೇ ಇದೆ. ಆದರೆ ನಮ್ಮ ಊರಿನವರ ಬೆರಳು ದಪ್ಪ, ಕೆಲವರದ್ದು ನಡುಗುತ್ತದೆ. ಹಾಗಾಗಿ ನಾನು ಅದರ ನಡತೆ ಬದಲಾಯಿಸಿದೆ. ಎರಡು ಸಲ ತಟ್ಟಿದರೆ ಗೆರೆ ಮುಗಿಯುತ್ತದೆ. ಶುರು ಮಾಡಿದ ಚುಕ್ಕಿಯ ಹತ್ತಿರ ಬಂದರೆ ತಾನೇ ಮುಚ್ಚಿಕೊಳ್ಳುತ್ತದೆ. ಎಲ್ಲದಕ್ಕಿಂತ ಮುಖ್ಯ, ‘ಅಂಟು’. ಪಕ್ಕದಲ್ಲಿ ಯಾರಾದರೂ ಮೊದಲೇ ಎಳೆದ ಗೆರೆ ಇದ್ದರೆ, ನಿಮ್ಮ ಬೆರಳು ಹತ್ತಿರ ಬಂದ ಕೂಡಲೇ ನಿಮ್ಮ ಚುಕ್ಕಿ ಹೋಗಿ ಅದಕ್ಕೆ ಅಂಟಿಕೊಳ್ಳುತ್ತದೆ. ಇಬ್ಬರ ಗಡಿಯ ನಡುವೆ ಕೂದಲೆಳೆಯ ಸಂದೂ ಉಳಿಯುವುದಿಲ್ಲ. ಮ್ಯಾಪು ಎಷ್ಟು ಕ್ಲೀನ್ ಕಾಣುತ್ತದೆ ಗೊತ್ತಾ!

ನಮ್ಮ ಮನೆಯ ಗಡಿ ನೀವೇ ಎಳೆಯಬೇಕು. ನೀವು ಲೈಬ್ರರಿಗೆ ಬರದಿದ್ದರೆ ನಾನು ನರ್ವಸ್ ಆಗಿ ಕನ್ನಡವೇ ಮರೆತುಬಿಡುತ್ತೇನೆ.

ಕೆಂಪು ಶಾಯಿಗೆ ಹೆದರುವ,
ಅನಿಷಾ

*

ವಂಡ್ಸೆ
20 ನವೆಂಬರ್ 2025

ಮಗಾ ಅನಿಷಾ,

ನಿನ್ನ ಮ್ಯಾಪು ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಬಂದು ಲೈಬ್ರರಿಯ ಗೋಡೆಯಲ್ಲಿದೆ. ಹೋದ ಭಾನುವಾರ ಅದನ್ನು ಊರಿಗೆ ತೋರಿಸುವ ಸಭೆ ಇತ್ತು. ಪರೀಕ್ಷೆಯೆಂದು ನೀನು ಬರಲಿಲ್ಲ. ಲೈಬ್ರರಿ ನೋಡಿಕೊಳ್ಳುವ ವನಮಾಲಾ ಮ್ಯಾಪಿಗೆ ಸೇವಂತಿಗೆ ಹಾರ ಹಾಕಿಸಿದ್ದಳು. ಫೋಟೋಗೆ ಹಾರ ಹಾಕಿದ ಹಾಗೆ ಕಂಡಿತು, ಹೇಳಲಿಲ್ಲ. ನಿನ್ನ ಮಾವ ಬಂದವರಿಗೆಲ್ಲ ‘ನಮ್ ಅನಿಷಾ ಮಾಡದ್ದ್’ ಎನ್ನುತ್ತಿದ್ದುದು ನನಗೆ ಕೇಳದಿದ್ದರೂ ಅವನ ಮೀಸೆಯಲ್ಲಿ ಕಾಣುತ್ತಿತ್ತು.

ಮನೆಯಲ್ಲಿ ಎಲ್ಲರೂ ಆರಾಮ. ದನದ ಹಟ್ಟಿಯ ಹಿಂದೆ ಹರಿವೆ ಸೊಪ್ಪು ಬಿತ್ತಿದ್ದೇನೆ. ಪದ್ದು ನಾಲ್ಕು ದಿನದಿಂದ ಬಂದಿಲ್ಲ. ಮೊಣಕಾಲು ಹಿಡಿದಿರಬೇಕು. ಜಗಲಿ ಗುಡಿಸುವಾಗ ಬೀಡಿ ಎಲೆಯ ಚೂರು ಸಿಗುವುದಿಲ್ಲ, ಅಷ್ಟೇ ವ್ಯತ್ಯಾಸ.

ನೀನು ‘ಹೊಟ್ಟೆಕಿಚ್ಚು’ ಸರಿಯಾಗಿ ಬರೆದಿದ್ದೀ. ಒಳ್ಳೆಯ ಗುಣಗಳ ಶಬ್ದದಲ್ಲಿ ತಪ್ಪುತ್ತೀ, ಕೆಟ್ಟವು ತಪ್ಪುವುದಿಲ್ಲ.

ಊಟ ಬಿಡಬೇಡ.
ದೊಡ್ಡಮ್ಮ

*

ಬ್ರಹ್ಮಾವರ
27 ನವೆಂಬರ್ 2025

ಪ್ರೀತಿಯ ದೊಡ್ಡಮ್ಮನಿಗೆ,

ನಾನು ಚೆನ್ನಾಗಿದ್ದೇನೆ. ಇಂಟರ್ನಲ್ಸ್ ಮುಗಿಯಿತು. ಮ್ಯಾತ್ಸ್ ಪರವಾಗಿಲ್ಲ. ಮೆಸ್ಸಿನಲ್ಲಿ ಮೂರು ದಿನದಿಂದ ಅದೇ ಸೌತೆಕಾಯಿ ಸಾಂಬಾರು. ನನ್ನ ರೂಮ್‌ಮೇಟ್ ಪೂಜಿತಾ ಅದಕ್ಕೆ ಒಂದು ಹೆಸರಿಟ್ಟಿದ್ದಾಳೆ, ನಿಮಗೆ ಬರೆಯುವ ಹಾಗಿಲ್ಲ.

ಮಾವ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ್ದರು. ನೋಡಿದೆ.

ಯತೀಶಣ್ಣ ಜನವರಿಯಲ್ಲಿ ಬೈಂದೂರಿನ ಲೈಬ್ರರಿಯಲ್ಲೂ ಇದೇ ಟೂಲ್ ಇಟ್ಟು ಮ್ಯಾಪು ಮಾಡಿಸುತ್ತಾರಂತೆ. ಹನ್ನೊಂದನೇ ತಾರೀಕು. ಎಲ್ಲರೂ ನನಗೆ ಕಂಗ್ರಾಟ್ಸ್ ಹೇಳಿದರು.

ಪದ್ದಕ್ಕನಿಗೆ ಮೊಣಕಾಲು ನೋವಿದ್ದರೆ ಅಷ್ಟು ದೂರ ರಸ್ತೆ ಸುತ್ತಿ ಬರುವುದು ಕಷ್ಟ. ಯಾರಾದರೂ ಆಟೋದಲ್ಲಿ ಕರೆದುಕೊಂಡು ಬರಬಹುದಲ್ಲ?

ಒಂದು ಡೌಟು. ಗಿಲ್ಟಿ ಅನ್ನುವುದಕ್ಕೆ ಕನ್ನಡದಲ್ಲಿ ಏನು ಹೇಳುತ್ತಾರೆ? ಕ್ಲಾಸಿನ ಒಂದು ಅಸೈನ್‌ಮೆಂಟಿಗೆ ಬೇಕಿತ್ತು.

ಅವಸರದಲ್ಲಿ,
ಅನಿಷಾ

*

ವಂಡ್ಸೆ
3 ಡಿಸೆಂಬರ್ 2025

ಮಗಾ,

ಗಿಲೀಟು ಎಂದರೆ ನಮ್ಮಲ್ಲಿ ಹಿತ್ತಾಳೆ ಬಳೆಗೆ ಹಾಕುವ ಚಿನ್ನದ ನೀರು. ನೀನು ಕೇಳಿದ್ದು ಅದಲ್ಲ ಎಂದು ಗೊತ್ತು. ‘ತಪ್ಪಿತಸ್ಥ’ ಎನ್ನುವುದುಂಟು, ಅದು ಕೋರ್ಟಿನ ಶಬ್ದ. ಮನೆಯಲ್ಲಿ ನಾವು ‘ಮನಸ್ಸಿಗೆ ಚುಚ್ಚುತ್ತದೆ’ ಎನ್ನುತ್ತೇವೆ. ಇಂಜಿನಿಯರಿಂಗಿನಲ್ಲಿ ಇಂಥ ಶಬ್ದಕ್ಕೆ ಅಸೈನ್‌ಮೆಂಟು ಕೊಡುತ್ತಾರೆಂದು ನನಗೆ ತಿಳಿದಿರಲಿಲ್ಲ.

ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಮಕ್ಕಳ ಕಾಪಿ ಹಿಡಿದವಳು ನಾನು. ಪದ್ದುವಿಗೆ ಮೊಣಕಾಲು ಎಂದು ಬರೆದಿದ್ದೆ. ರಸ್ತೆ ಸುತ್ತಿ ಬರಬೇಕೆಂದು ಬರೆದಿರಲಿಲ್ಲ. ಇಪ್ಪತ್ತೆರಡು ವರ್ಷ ಅವಳು ಓಣಿಯಲ್ಲೇ ಬಂದವಳು.

ಬೇಲಿಯ ಸುದ್ದಿ ನಿನ್ನ ಪರೀಕ್ಷೆ ಕೆಡಿಸಬಾರದೆಂದು ಮುಚ್ಚಿಟ್ಟೆ. ನೀನು ಫೋಟೋದಲ್ಲಿ ನೋಡಿದ್ದೀ. ಸಭೆಯ ಮರುದಿನವೇ ನಿನ್ನ ಮಾವ, ಪಕ್ಕದ ಮನೆಯ ದೇವು, ಇಬ್ಬರೂ ಸೇರಿ ಓಣಿಯ ಬಾಯಿಗೆ ತಂತಿ ಬೇಲಿ ಹಾಕಿಸಿದರು. ಅರ್ಧ ಓಣಿ ಇವನಿಗೆ, ಅರ್ಧ ಅವನಿಗೆ. ಯಾಕೆ ಎಂದರೆ ಸ್ಲೇಟಿನಲ್ಲಿ ಬರೆದು ತೋರಿಸಿದ: ‘ಮ್ಯಾಪಂಗೆ ಓಣಿ ಎಲ್ಲಿತ್ತ್? ನಮ್ ಗಡಿ, ದೇವು ಗಡಿ ಒಂದೇ ಗೆರಿ.’ ಅದು ಸರಕಾರದ ಮ್ಯಾಪಲ್ಲ, ಲೈಬ್ರರಿಯದ್ದು ಎಂದರೆ, ‘ಗ್ವಾಡಿ ಮೇಲ್ ಇತ್ತಲೆ’ ಎಂದು ಬರೆದ.

ನೀನು ನೋಡಿಯೂ ಕೇಳಲಿಲ್ಲ. ಅದು ಯಾಕೆಂದು ನಾನು ಕೇಳುವುದಿಲ್ಲ.

ದೊಡ್ಡಮ್ಮ

*

ಬ್ರಹ್ಮಾವರ
10 ಡಿಸೆಂಬರ್ 2025

ದೊಡ್ಡಮ್ಮ,

ಇದು ಐದನೇ ಸಲ ಬರೆಯುತ್ತಿರುವುದು. ಮೊದಲ ನಾಲ್ಕು ಹರಿದೆ. ಕ್ಷೇಮ ಕೇಳಿಲ್ಲ, ಕೆಂಪು ಶಾಯಿ ಹಾಕಿ ಪರವಾಗಿಲ್ಲ.

ಓಣಿ ನುಂಗಿದ್ದು ನಾನು.

ಹೇಗೆ ಎಂದು ಹೇಳುತ್ತೇನೆ. ಅಂಟಿಗೆ ಒಂದು ಅಳತೆ ಇದೆ, ಎಷ್ಟು ಹತ್ತಿರ ಬಂದರೆ ಅಂಟಬೇಕು ಅಂತ. ಆ ಅಳತೆ ಅಡಿಯಲ್ಲಿ ಇಲ್ಲ, ಫೋನಿನ ಪರದೆಯ ಸಣ್ಣ ಚುಕ್ಕಿಯಲ್ಲಿ, ಪಿಕ್ಸೆಲ್ ಅನ್ನುತ್ತಾರಲ್ಲ, ಅದರಲ್ಲಿದೆ. ಆ ಕೋಡಿನ ಲೈಬ್ರರಿ ಬರೆದವರು ಇಟ್ಟದ್ದು ಹತ್ತು ಚುಕ್ಕಿ. ನಾನು ಅದನ್ನು ಇಪ್ಪತ್ತೈದು ಮಾಡಿದೆ, ದಪ್ಪ ಬೆರಳಿಗೆ ಸುಲಭ ಆಗಲಿ ಅಂತ. ಊರಿನವರು ಗೆರೆ ಎಳೆದ ದಿನ ನಾವು ಮ್ಯಾಪನ್ನು ಇಟ್ಟ ಗಾತ್ರದಲ್ಲಿ ಒಂದು ಚುಕ್ಕಿ ಎಂದರೆ ನೆಲದ ಮೇಲೆ ಅರ್ಧ ಅಡಿ. ಲೆಕ್ಕ ನೀವೇ ಮಾಡಿ. ಹನ್ನೆರಡೂವರೆ ಅಡಿಯೊಳಗೆ ಬಂದ ಎಲ್ಲವೂ ಒಂದಕ್ಕೊಂದು ಅಂಟುತ್ತದೆ. ಓಣಿ ಐದೇ ಅಡಿ. ದೇವಣ್ಣ ತಮ್ಮ ಗಡಿ ಮೊದಲು ಎಳೆದಿದ್ದರು. ಆಮೇಲೆ ನೀವು ನಮ್ಮದನ್ನು ಎಲ್ಲಿ ಎಳೆದರೂ ಅದು ಹೋಗಿ ದೇವಣ್ಣನ ಗೆರೆಗೇ ಬೀಳುತ್ತಿತ್ತು. ಓಣಿ ಇರಲಿಕ್ಕೆ ಜಾಗವೇ ಇರಲಿಲ್ಲ.

ಇದು ಗೊತ್ತಿಲ್ಲದೆ ಆಯಿತು ಅಂತ ಬರೆದು ಮುಗಿಸಬಹುದಿತ್ತು. ಹರಿದ ನಾಲ್ಕರಲ್ಲೂ ಹಾಗೇ ಬರೆದಿದ್ದೆ.

ಗೊತ್ತಿತ್ತು, ದೊಡ್ಡಮ್ಮ. ಹಿಂದಿನ ದಿನ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಟೆಸ್ಟ್ ಮಾಡುವಾಗ ಹತ್ತಿರ ಹತ್ತಿರ ಎರಡು ಗೆರೆ ಎಳೆದೆ, ಎರಡೂ ಒಂದಾದವು. ಇಷ್ಟು ಹತ್ತಿರ ಯಾರು ಎಳೆಯುತ್ತಾರೆ ಅಂದುಕೊಂಡೆ. ಎಂಟು ವರ್ಷ ನಿಮ್ಮ ಓಣಿಯಲ್ಲಿ ರಜೆ ಕಳೆದವಳು ಹಾಗಂದುಕೊಂಡೆ. ಟೂಲ್ ಬೆಣ್ಣೆಯ ಹಾಗೆ ಓಡುತ್ತಿತ್ತು, ಯತೀಶಣ್ಣ ಸೂಪರ್ ಅಂದರು, ನಾನು ಲ್ಯಾಪ್‌ಟಾಪ್ ಮುಚ್ಚಿದೆ.

ಇನ್ನೂ ಒಂದಿದೆ. ಲೈಬ್ರರಿಯಲ್ಲಿ ನಿಮ್ಮ ಬೆರಳು ಒಂದೇ ಜಾಗಕ್ಕೆ ಮೂರು ಸಲ ಹೋಯಿತು. ಗೆರೆ ಜಾರಿ ಅಂಟಿತು, ನೀವು ಅಳಿಸಿದಿರಿ, ಮತ್ತೆ ಎಳೆದಿರಿ. ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಹಿಂದೆ ಜನ ಕಾಯುತ್ತಿದ್ದರು. ಆಗ ನಾನು ನಗುತ್ತ ಎಲ್ಲರಿಗೂ ಹೇಳಿದೆ, ‘ದೊಡ್ಡಮ್ಮಂಗೆ ಫೋನ್ ಅಭ್ಯಾಸ ಇಲ್ಲ’ ಅಂತ. ಎಲ್ಲರೂ ನಕ್ಕರು. ನಿಮಗೆ ಕೇಳಲಿಲ್ಲ, ಆದರೆ ಎಲ್ಲರೂ ನಗುತ್ತಿದ್ದಾರೆಂದು ನೀವೂ ನಕ್ಕಿರಿ. ಆ ನಗು ನನಗೆ ಚುಚ್ಚುತ್ತದೆ. ಶಬ್ದ ಸರಿಯಾಗಿ ಬಳಸಿದ್ದೇನಾ?

ಬ್ರಹ್ಮಾವರದಿಂದ ವಂಡ್ಸೆಗೆ ಎರಡು ಬಸ್ಸು ಹತ್ತಿದರೆ ಸಾಕು, ಆದರೂ ನಾನು ಬರುತ್ತಿಲ್ಲ. ಪದ್ದಕ್ಕನ ಮುಖ ನೋಡಲು ಹೆದರಿಕೆ.

ನೀವು ಉತ್ತರ ಬರೆಯದಿದ್ದರೂ ಸರಿ ಎನ್ನುವ,
ಅನಿಷಾ

*

ವಂಡ್ಸೆ
19 ಡಿಸೆಂಬರ್ 2025

ಹೆಣೆ ಅನಿಷಾ,

ನಿನ್ನ ಕಾಗದಕ್ಕೆ ಕೆಂಪು ಶಾಯಿ ಹಾಕಲಿಲ್ಲ. ತಿದ್ದುವಂಥದ್ದು ಏನೂ ಇರಲಿಲ್ಲ. ಶಬ್ದ ಸರಿಯಾಗಿಯೇ ಬಳಸಿದ್ದೀ.

ಓಣಿ ನುಂಗಿದವಳು ನೀನೊಬ್ಬಳೇ ಎಂದುಕೊಂಡು ಮೆಸ್ಸಿನ ಊಟ ಬಿಡಬೇಡ. ನನ್ನದೂ ಇದೆ. ಅದನ್ನು ನಾನು ಯಾರಿಗೂ ಹೇಳಿಲ್ಲ.

ಅವತ್ತು ಗೆರೆ ಅಂಟುವುದು ನನಗೆ ಕಂಡಿತ್ತು. ಮೂರು ಸಲ ಆದ ಮೇಲೆ ನಿನ್ನ ಮುಖ ನೋಡಿದೆ. ಅಷ್ಟು ಜನರ ನಡುವೆ ಅಷ್ಟು ಖುಷಿಯಲ್ಲಿ ನಿನ್ನನ್ನು ನಾನು ನೋಡಿದ್ದೇ ಇಲ್ಲ. ಇರಲಿ, ಕಲಿತ ಮಗು, ಅದರ ಯಂತ್ರಕ್ಕೆ ನನಗಿಂತ ಹೆಚ್ಚು ಗೊತ್ತಿರಬಹುದು ಎಂದು ಎರಡು ಸಲ ತಟ್ಟಿ ಮುಗಿಸಿದೆ.

ಅದೂ ದೊಡ್ಡದಲ್ಲ. ದೊಡ್ಡದು ಸಭೆಯ ದಿನ ಆಯಿತು. ವನಮಾಲಾ ಮ್ಯಾಪಿನ ಎದುರು ನಿಂತು ಏನೋ ಕೇಳಿದಳು. ಪದ್ದು ಎದ್ದು ನಿಂತು ಗೋಡೆಯ ಕಡೆ ಕೈ ಮಾಡಿ ಏನೋ ಹೇಳಿದಳು. ಅವಳ ಬೆನ್ನು ನನ್ನ ಕಡೆ ಇತ್ತು, ತುಟಿ ಕಾಣಲಿಲ್ಲ. ಆಮೇಲೆ ನಿನ್ನ ಮಾವ ನನ್ನ ಕಡೆ ತಿರುಗಿ ಏನೋ ಅಂದ. ಇಡೀ ಸಭೆ ನನ್ನನ್ನು ನೋಡಿತು.

ಮಗಾ, ಕಿವಿ ಹೋದವರು ಏನು ಮಾಡುತ್ತಾರೆ ಗೊತ್ತಾ? ತಲೆ ಆಡಿಸುತ್ತಾರೆ. ಮದುವೆಯಲ್ಲಿ, ಬಸ್ಸಿನಲ್ಲಿ, ಅಂಗಡಿಯಲ್ಲಿ, ಯಾರು ಏನು ಅಂದರೂ ಹೂಂ ಎಂದು ತಲೆ ಆಡಿಸಿದರೆ ಜನ ನಕ್ಕು ಮುಂದೆ ಹೋಗುತ್ತಾರೆ. ಎಂತ ಎಂದು ಕೇಳಿದರೆ ಮುಖ ಸಣ್ಣ ಮಾಡುತ್ತಾರೆ. ಎರಡನೇ ಸಲ ಕೇಳಿದರೆ ಕೂಗುತ್ತಾರೆ. ಅದಕ್ಕೇ ನಾನು ಕೇಳುವುದು ಬಿಟ್ಟು ಏಳು ವರ್ಷ ಆಯಿತು. ಅವತ್ತೂ ತಲೆ ಆಡಿಸಿದೆ. ಪದ್ದು ತಿರುಗಿ ನನ್ನನ್ನು ನೋಡಿದಳು, ಗೆರಸಿ ಎತ್ತಿಕೊಂಡು ಹೊರಟುಹೋದಳು. ಮನೆಗೆ ಬಂದು ನಿನ್ನ ಮಾವನಿಗೆ ಸ್ಲೇಟು ಕೊಟ್ಟು ಕೇಳಿದೆ. ಪದ್ದು ಅಂದದ್ದು, ‘ಇಲ್ಲೊಂದ್ ಓಣಿ ಇದ್ದಿತ್ತಲೆ’ ಎಂದು. ಅವನು ಅಂದದ್ದು, ‘ಓಣಿ ಇಲ್ಲ ಅಲ್ದಾ ಅಕ್ಕ?’ ಎಂದು.

ನಾನು ಹೂಂ ಎಂದಿದ್ದೆ.

ನಿನ್ನ ಯಂತ್ರವೂ ನಾನೂ ಒಂದೇ ಜಾತಿ. ಸರಿಯಾಗಿ ತಿಳಿಯದಿದ್ದರೆ ಹತ್ತಿರ ಇದ್ದದ್ದಕ್ಕೆ ಅಂಟಿಕೊಳ್ಳುವುದು. ನಮ್ಮ ಭಾಷೆಯಲ್ಲಿ ಕಿವಿಯಿಂದ ಕೇಳುವುದಕ್ಕೂ ಬಾಯಿಯಿಂದ ಕೇಳುವುದಕ್ಕೂ ಒಂದೇ ಶಬ್ದ. ಮೊದಲನೆಯದು ಹೋಯಿತೆಂದು ಎರಡನೆಯದನ್ನೂ ಬಿಟ್ಟವಳು ನಾನು. ನಿನ್ನ ಯಂತ್ರಕ್ಕಾದರೂ ಕಲಿಸು. ಅಂಟುವ ಮೊದಲು ಅದು ಕೇಳಲಿ.

ಬೈಂದೂರಿಗೆ ಹೋಗುವ ಮೊದಲು ಕಲಿಸು.

ದೊಡ್ಡಮ್ಮ

*

ಬ್ರಹ್ಮಾವರ
4 ಜನವರಿ 2026

ಪ್ರೀತಿಯ ದೊಡ್ಡಮ್ಮನಿಗೆ,

ನಿಮ್ಮ ಕಾಗದ ಬಂದ ಮೇಲೆ ಒಂದು ವಾರ ಯತೀಶಣ್ಣನ ಎದುರು ಹೋಗಿ ಹೋಗಿ ವಾಪಸು ಬಂದೆ. ಕೊನೆಗೆ ಹೇಳಿದೆ. ಅವರು ಕಡಲ ದಂಡೆಯ ಕೋಡಿಯವರು, ಮಾತು ಗಾಳಿಗೆ ಬಿಟ್ಟ ಹಾಗೆ ಜೋರು.

‘ಬಗ್ ಅಂತ ಹೇಳ್, ಮುಗೀತ್. ತಪ್ಪ್ ತಪ್ಪ್ ಅಂತ ಎಂತಕ್ ಅಳುಮೋರಿ ಹಾಕಿ ಮರ್ಕುದ್ ಮಾರಾಯ್ತಿ? ಬಗ್ ಅಂದ್ರೆ ಯಾರ್ದೂ ಅಲ್ಲ. ತಪ್ಪ್ ಅಂದ್ರೆ ಯಾರ್ದಾರೂ ಆತ್ತ್.’

‘ನಂದು’ ಅಂದೆ.

ಅವರು ಫೋನು ತೆಗೆದು ಕ್ಯಾಲೆಂಡರ್ ನೋಡಿದರು. ಆಮೇಲೆ, ‘ಬೈಂದೂರಿನವ್ರಿಗೆ ಡೇಟ್ ಕೊಟ್ಟಾಯ್ತಲೆ’ ಅಂದರು. ಅವರ ಊರಿನಲ್ಲೂ ಓಣಿ ಇರುತ್ತದೆ, ಅಲ್ಲಿಯೂ ಒಬ್ಬ ಪದ್ದಕ್ಕ ಇರುತ್ತಾರೆ ಅಂದೆ. ಅಷ್ಟರಲ್ಲಿ ನನಗೆ ಅಳು ಬಂತು, ಮುಂದೆ ಹೇಳಿದ್ದು ಇಂಗ್ಲಿಷಾ ಕನ್ನಡವಾ ನೆನಪಿಲ್ಲ. ಬೈಂದೂರು ಫೆಬ್ರವರಿಗೆ ಹೋಯಿತು.

ನಿಮ್ಮ ಮಾತಿನ ಹಾಗೆ ಮಾಡಿದ್ದೇನೆ. ಅಂಟಿನ ಅಳತೆ ಈಗ ಚುಕ್ಕಿಯಲ್ಲಿ ಇಲ್ಲ, ನೆಲದ ಮೇಲಿನ ಅಡಿಯಲ್ಲಿದೆ. ಮ್ಯಾಪು ದೊಡ್ಡದು ಸಣ್ಣದು ಆದಾಗಲೆಲ್ಲ ಹಳೆಯ ಅಂಟನ್ನು ತೆಗೆದು ಹೊಸತು ಹಾಕಬೇಕು, ಅದಕ್ಕೇ ಮೂರು ದಿನ ಹೋಯಿತು. ಒಂದು ಅಡಿಗಿಂತ ದೂರ ಇದ್ದರೆ ಅಂಟುವುದೇ ಇಲ್ಲ. ಒಂದು ಅಡಿಯೊಳಗೆ ಬಂದರೂ ಸುಮ್ಮನೆ ಅಂಟುವುದಿಲ್ಲ. ಗೆರೆ ನಿಲ್ಲುತ್ತದೆ, ಪರದೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರುತ್ತದೆ: ‘ಎಂತ? ಆ ಗೆರೆಗೆ ಸೇರಿಸಬೇಕಾ?’ ಕೆಳಗೆ ಎರಡು ಬಟನ್, ‘ಹೌದು’, ‘ಬೇಡ’. ‘ಎಂತ’ ಬೇಡ, ಸರಿಯಾದ ಕನ್ನಡ ಹಾಕು ಎಂದು ಪೂಜಿತಾ ಹೇಳಿದಳು. ನಾನು ತೆಗೆಯಲಿಲ್ಲ.

ಆದರೆ ಒಂದು ವಿಷಯ ನಾನು ಯೋಚಿಸಿರಲಿಲ್ಲ. ಟೂಲ್ ಸರಿಯಾದರೆ ಹಳೆಯ ಗೆರೆ ಸರಿಯಾಗುವುದಿಲ್ಲ. ಅಂಟಿದ್ದು ಅಂಟಿಕೊಂಡೇ ಇದೆ. ಅದನ್ನು ಯಾರಾದರೂ ಕೂತು ಅಳಿಸಿ ಮತ್ತೆ ಎಳೆಯಲೇಬೇಕು. ಹನ್ನೊಂದನೇ ತಾರೀಕು ಭಾನುವಾರ ವಂಡ್ಸೆಗೆ ಬರುತ್ತೇನೆ. ವನಮಾಲಾ ಮೇಡಂ ಜನರನ್ನು ಕರೆಯುತ್ತೇನೆ ಅಂದಿದ್ದಾರೆ. ಎಲ್ಲರ ಎದುರು ನಾನೇ ಹೇಳುತ್ತೇನೆ. ನಿಮ್ಮ ವಿಷಯ ನಾನು ಎತ್ತುವುದಿಲ್ಲ, ಅದು ನಿಮ್ಮದು.

ಕೈ ಈಗಲೇ ಒದ್ದೆಯಾಗಿದೆ, ಅಕ್ಷರ ಕಲೆಸಿದ್ದಕ್ಕೆ ಕ್ಷಮಿಸಿ.

ಅನಿಷಾ

*

ಬ್ರಹ್ಮಾವರ
14 ಜನವರಿ 2026

ಪ್ರೀತಿಯ ದೊಡ್ಡಮ್ಮನಿಗೆ,

ಬಸ್ ಹತ್ತುವಾಗ ನೀವು ಸ್ಲೇಟಿನಲ್ಲಿ ಬರೆದದ್ದು: ‘ಯಾರು ಏನು ಹೇಳಿದರು, ಒಂದೂ ಬಿಡದೆ ಬರಿ.’ ನೀವು ಮುಂದಿನ ಬೆಂಚಿನಲ್ಲಿ ಕೂತು ಎಲ್ಲ ನೋಡಿದ್ದೀರಿ. ಕೇಳದ್ದನ್ನು ಮಾತ್ರ ಬರೆಯುತ್ತೇನೆ.

ವನಮಾಲಾ ಮೇಡಂ ಎದ್ದು, ‘ಹೆಣ್ಣಿಗ್ ಎಂತದೋ ಹೇಳೂಕಿತ್ತಂಬ್ರ್, ಕೇಣಿ’ ಅಂದರು. ನಾನು ಬರೆದುಕೊಂಡು ಬಂದ ಚೀಟಿ ಕೈಯಲ್ಲಿ ಒದ್ದೆಯಾಗಿ ಓದಲು ಬರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ. ಮ್ಯಾಪಿನಲ್ಲಿ ಓಣಿ ಇಲ್ಲದಿರುವುದು ನಾನು ಬರೆದ ಕೋಡಿನಿಂದ. ಹಿಂದಿನ ದಿನವೇ ನನಗೆ ಗೊತ್ತಿತ್ತು. ದೊಡ್ಡಮ್ಮ ಮೂರು ಸಲ ಸರಿಯಾಗಿಯೇ ಎಳೆದಿದ್ದರು, ಅವರಿಗೆ ಅಭ್ಯಾಸ ಇಲ್ಲ ಎಂದು ನಿಮ್ಮನ್ನೆಲ್ಲ ನಗಿಸಿದವಳು ನಾನು.

ದೇವಣ್ಣ ಕೂಡಲೇ ಎದ್ದರು. ‘ಅಂದ್ರೆ ಎಂತ? ಈಗ್ ನಮ್ಮನ್ ಕಳ್ರ್ ಮಾಡೂಕ್ ಬಂದದ್ದಾ ಇದ್?’

ಮಾವ, ‘ಹ್ವಾಯ್ ದೇವು, ಕೂಕೋ ಕಾಂಬ’ ಅಂದರು. ಆಮೇಲೆ ನನ್ನ ಕಡೆ ತಿರುಗಿದರು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ‘ಮ್ಯಾಪ್ ಮಾಡದ್ದೂ ನೀನೇ, ತಪ್ಪ್ ಅಂಬುದೂ ನೀನೇ. ಊರಿಗೆಲ್ಲ ನಿನ್ ಹೆಸ್ರ್ ಹೇಳ್ಕಂಡ್ ತಿರ್ಗಿದೆ ನಾನ್. ಇನ್ನ್ ಯಾವ್ದನ್ ನಂಬುದ್?’

ನಾನು ಹೇಳಿದೆ, ‘ನನ್ನ ನಂಬುದೇ ಬೇಡ ಮಾವ. ನೀವು ಸಣ್ಣದಿರುವಾಗ ಶಾಲೆಗೆ ಯಾವ ದಾರಿಯಲ್ಲಿ ಹೋದದ್ದು?’

ಅವರು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಪದ್ದಕ್ಕನ ಸ್ವರ ಬಂತು. ‘ಅದೇ ಓಣಿಯಂಗ್ ಬಿದ್ದ್ ಮುಂದಿನ್ ಹಲ್ಲ್ ಮುರ್ಕಂಡದ್ದ್ ಗುಣಪಾಲಯ್ಯ! ಹಲ್ಲ್ ಇನ್ನೂ ಅಲ್ಲೇ ಇದ್ದೀತ್, ಬೇಲಿ ಕಂಬದ ಅಡಿಯಗೆ.’

ಎಲ್ಲರೂ ನಕ್ಕದ್ದು ಆಗ. ನೀವು ನನ್ನ ಕಡೆ ನೋಡಿ ಏನು ಎಂದು ಹುಬ್ಬು ಏರಿಸಿದಿರಿ, ನಾನು ಆಮೇಲೆ ಎಂದೆ. ಮಾವನ ತುಟಿಯೂ ಸ್ವಲ್ಪ ಸಡಿಲಾಯಿತು. ಮತ್ತೆ ಬಿಗಿದುಕೊಂಡರು.

ಅದರ ನಂತರ ಪದ್ದಕ್ಕ ಹೇಳಿದ್ದನ್ನು ಬರೆಯಬೇಕಾ ಬಿಡಬೇಕಾ ಎಂದು ಮೂರು ದಿನ ಯೋಚಿಸಿದೆ. ಒಂದೂ ಬಿಡಬೇಡ ಅಂದಿದ್ದೀರಿ. ನಿಮಗೆ ಕಾಣಬಾರದು ಅಂತಲೇ ಅವರು ಗೋಡೆಯ ಕಡೆ ಮುಖ ಮಾಡಿ ಹೇಳಿದ್ದು.

‘ಮ್ಯಾಪ್ ತಪ್ಪಾಯ್ಲಿ. ಹೆಣ್ ಬಂದ್ ಎಲ್ರ್ ಎದ್ರಿಗ್ ಒಪ್ಕಂಡ್ತ್, ದೊಡ್ಡ್ ಮಾತ್. ಆರೆ ಟೀಚ್ರಕ್ಕ ಅವತ್ತ್ ತಲಿ ಆಡ್ಸದ್ದ್ ಎಂತಕೆ? ಅವ್ರಿಗ್ ಕೇಂತಿಲ್ಲ ಅಂದ್ ನಂಗ್ ಗೊತ್ತಿಲ್ಯಾ? ಕೇಣ್ದಿದ್ರೆ ನನ್ ಮುಖ ಕಾಣ್ಲಕ್ಕಿತ್ತ್. ಇಷ್ಟ್ ವರ್ಷ ನನ್ ಮುಖ ಕಂಡೇ ಕೇಂಡದ್ದಲ್ದಾ ಅವ್ರ್? ಅವತ್ತ್ ಗುಣಪಾಲಯ್ಯನ್ ಮುಖ ಕಂಡ್ರ್.’

ನಾನು ಮ್ಯಾಪು ತೆರೆದು ಫೋನು ನಿಮ್ಮ ಕೈಗೆ ಕೊಟ್ಟೆ. ನಿಮ್ಮದನ್ನು ಎತ್ತುವುದಿಲ್ಲ ಎಂದಿದ್ದೆ.

ಆಮೇಲಿನದ್ದು ನೀವೇ ಕಂಡದ್ದು. ನೀವು ಹಳೆಯ ಗೆರೆ ಅಳಿಸಿ ಎಳೆದಿರಿ, ಒಂದು ಮೂಲೆಯಲ್ಲಿ ಬೆರಳು ದೇವಣ್ಣನ ಗೆರೆಯ ತೀರಾ ಹತ್ತಿರ ಜಾರಿದಾಗ ಫೋನು ‘ಎಂತ?’ ಎಂದಿತು, ನೀವು ‘ಬೇಡ’ ಒತ್ತಿದಿರಿ. ಎರಡು ಗೆರೆಯ ನಡುವೆ ಸಣ್ಣ ಬಿಳಿ ಸಂದು ಬಂತು. ಅಷ್ಟು ಚೆಂದದ ಗೆರೆ ನಾನು ಯಾವ ಮ್ಯಾಪಿನಲ್ಲೂ ನೋಡಿಲ್ಲ. ಆದರೆ ನೀವು ತಿರುಗಿ ನೋಡುವಾಗ ಪದ್ದಕ್ಕ ಹೋಗಿ ಆಗಿತ್ತು. ರಸ್ತೆಯ ಕಡೆಯಿಂದ.

ಚುಚ್ಚುವುದು ಕಡಿಮೆಯಾಗುತ್ತದೆ ಅಂದುಕೊಂಡಿದ್ದೆ. ಜಾಗ ಬದಲಾಗಿದೆ, ಅಷ್ಟೇ.

ನಿಮ್ಮ,
ಅನಿಷಾ

*

ವಂಡ್ಸೆ
5 ಫೆಬ್ರವರಿ 2026

ಮಗಾ ಅನಿಷಾ,

ನೀನು ಬಿಡದೆ ಬರೆದದ್ದು ಒಳ್ಳೆಯದಾಯಿತು. ಪದ್ದು ಹೇಳಿದ್ದು ಸರಿ. ಗುಣಪಾಲನ ಮುಖವನ್ನೇ ನಾನು ಕಂಡದ್ದು.

ನಿನ್ನ ಮಾವ ಬೇಲಿ ತೆಗೆದ ಎಂದು ಬರೆಯಲು ಆಸೆ. ತೆಗೆದಿಲ್ಲ. ಒಂದು ಕಂಬದ ತಂತಿ ಬಿಚ್ಚಿ, ಒಬ್ಬರು ಗೆರಸಿ ಹಿಡಿದುಕೊಂಡು ದಾಟುವಷ್ಟು ಬಿಟ್ಟಿದ್ದಾನೆ. ಗೆರಸಿಯ ಅಗಲ ಅಳೆದೇ ಬಿಟ್ಟನೋ ಎಂದು ನನಗೆ ಸಂಶಯ. ಕೇಳಿದರೆ, ‘ಕರ ದಾಟೂಕೆ’ ಎಂದು ಸ್ಲೇಟಿನಲ್ಲಿ ಬರೆದ. ನಮ್ಮ ಹಟ್ಟಿಯಲ್ಲಿ ಕರು ಇಲ್ಲದೆ ಎರಡು ವರ್ಷ ಆಯಿತು. ದೇವು ಅವನೊಂದಿಗೆ ಮಾತು ಬಿಟ್ಟಿದ್ದಾನಂತೆ. ಲೈಬ್ರರಿಯಲ್ಲಿ ಹೊಸ ಹಾಳೆ ಹಾಕಿದ್ದಾರೆ, ಈ ಸಲ ಹಾರ ಇಲ್ಲ.

ನಾನೇ ಆ ಸಂದಿನಲ್ಲಿ ನುಸುಳಿ ಪದ್ದುವಿನ ಅಂಗಳಕ್ಕೆ ಹೋದೆ. ‘ಅವತ್ತ್ ನಂಗ್ ಎಂತದೂ ಕೇಣ್ಲಿಲ್ಲ ಪದ್ದು, ಕೇಣ್ದೇ ತಲಿ ಆಡ್ಸ್ದೆ, ನಿನ್ ಮುಖ ಕಾಣ್ಕಿತ್ತ್, ಕಾಣ್ಲಿಲ್ಲ’ ಎಂದೆ. ನನ್ನ ಸ್ವರ ಎಷ್ಟು ಜೋರಿತ್ತೋ ನನಗೆ ತಿಳಿಯದು, ಅವಳ ನಾಯಿ ಎದ್ದು ಓಡಿತು. ಅವಳು ಒಗೆದ ಬಟ್ಟೆ ಹಿಂಡುತ್ತಲೇ ಇದ್ದಳು.

ಮೂರನೇ ದಿನ ಗೆರಸಿ ಹಿಡಿದುಕೊಂಡು ಬಂದಳು. ಜಗಲಿಯಲ್ಲಿ ಅವಳ ಜಾಗದಲ್ಲೇ ಕೂತಳು. ಮುಖ ಮಾತ್ರ ತೆಂಗಿನಮರದ ಕಡೆ. ಅವಳ ದವಡೆ ಆಡುವುದು ಹಿಂದಿನಿಂದ ಕಾಣುತ್ತಿತ್ತು, ಏನೇನೋ ಹೇಳುತ್ತಿದ್ದಳು, ಬೈಯುತ್ತಲೂ ಇದ್ದಿರಬಹುದು. ಒಂದೂ ನನಗೆ ಸಿಗದ ಹಾಗೆ ಹೇಳುತ್ತಿದ್ದಳು. ಒಂಬತ್ತು ದಿನ ಹೀಗೇ. ನನಗೆ ಸಲ್ಲಬೇಕಾದ್ದೇ ಎಂದು ಅವಳ ಬೆನ್ನ ಹಿಂದೆ ಕೂತು ಹರಿವೆ ಸೋಸಿದೆ.

ಇವತ್ತು ಬೆಳಿಗ್ಗೆ ಕತ್ತರಿ ಕೆಳಗಿಟ್ಟು ತಿರುಗಿದಳು. ನನ್ನನ್ನು ನೋಡಿ ಏನೋ ಅಂದಳು. ಮೂರು ತಿಂಗಳು ಓದದ ಅಕ್ಷರ, ನನಗೆ ಸಿಗಲಿಲ್ಲ. ಏಳು ವರ್ಷದ ಅಭ್ಯಾಸ ನೋಡು, ಕುತ್ತಿಗೆ ತಾನಾಗಿಯೇ ಆಡಲು ಹೊರಟಿತು. ಹಿಡಿದು ನಿಲ್ಲಿಸಿದೆ.

‘ಎಂತ?’ ಎಂದೆ.

ಅವಳು ಮುಖ ಸಣ್ಣ ಮಾಡಲಿಲ್ಲ. ಹತ್ತಿರ ಸರಿದು, ನಿಧಾನವಾಗಿ, ಒಂದನೇ ಕ್ಲಾಸಿನ ಮಗುವಿಗೆ ಹೇಳುವ ಹಾಗೆ ಇನ್ನೊಂದು ಸಲ ಹೇಳಿದಳು.

‘ಒಂದ್ ಲೋಟ ಚಾ ಕೊಡ್ತ್ರ್ಯಾ, ಇಲ್ಯಾ?’

ಆಗ ತಲೆ ಆಡಿಸಿದೆ. ಕೇಳಿ, ಆಮೇಲೆ.

ದೊಡ್ಡಮ್ಮ